ರೈಟಕ್ಕನ ಸಾಲು

ಇಪ್ಪತ್ತೊಂದು ವರ್ಷ ಬಸ್ಸಿನಲ್ಲಿ ನಿಂತೇ ಬದುಕು ಸಾಗಿಸಿದವಳಿಗೆ ನಿಲ್ಲುವುದೇನೂ ಹೊಸದಲ್ಲ. ಆದರೆ ನಿಂತಲ್ಲೇ ನಿಂತಿರುವುದು ಎಷ್ಟು ಕಷ್ಟ ಎಂಬುದು ರೈಟಕ್ಕನಿಗೆ ಥೀಮ್ ಪಾರ್ಕಿನ ಕೆಲಸಕ್ಕೆ ಸೇರಿದ ಮೊದಲ ವಾರವೇ ಗೊತ್ತಾಯಿತು.

ರೈಟಕ್ಕ ಅವಳ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಖಾಸಗಿ ಬಸ್ಸೊಂದರಲ್ಲಿ ಕಂಡಕ್ಟರ್ ಆಗಿದ್ದಾಗ ಅವಳು "ರೈಟ್, ರೈಟ್!" ಎಂದು ಕೂಗಿದರೆ ಹಿಂದಿನ ಸ್ಟಾಪಿನಲ್ಲಿದ್ದವರೂ ಓಡಿ ಬರುತ್ತಿದ್ದರಂತೆ. ಆ ಕೂಗೇ ಹೆಸರಾಯಿತು. ಬಸ್ ಕಂಪನಿ ಬಾಗಿಲು ಹಾಕಿದಾಗ ಅವಳಿಗೆ ನಲವತ್ತೇಳು. ಮನೆಯಲ್ಲಿ ಟೈಲರ್ ಗಂಡ, ಕಿಟಕಿಯ ಪಕ್ಕ ಹೊಲಿಗೆ ಮಷಿನ್ನು, ರಜೆ ಬಂದರೆ ಬಂದಿಳಿಯುವ ಆರು ವರ್ಷದ ಮೊಮ್ಮಗಳು. ಸುಮ್ಮನೆ ಕೂರುವ ಜಾಯಮಾನ ರೈಟಕ್ಕನದಲ್ಲ. "ಜನರನ್ನು ನಿಭಾಯಿಸಲು ಗಟ್ಟಿ ದನಿಯವರು ಬೇಕಾಗಿದ್ದಾರೆ" ಎಂಬ ಚೀಟಿಯನ್ನು ಪಾರ್ಕಿನ ಗೇಟಿನಲ್ಲಿ ಓದಿದವಳೇ ಸೀದಾ ಒಳಗೆ ಹೋಗಿ, "ದನಿ ಕೇಳಿಸ್ಲಾ?" ಎಂದು ಕೇಳಿದಳು. ಕೇಳಿಸುವ ಮೊದಲೇ ಕೆಲಸ ಸಿಕ್ಕಿತು.

ಹಳದಿ ಟೀ ಶರ್ಟು, ನೀಲಿ ಟೋಪಿ ಕೊಟ್ಟು ಅವಳನ್ನು ದೋಣಿಯಾಟದ ಬಳಿ ನಿಲ್ಲಿಸಿದರು. ಅದು ಇಡೀ ಪಾರ್ಕಿನಲ್ಲಿ ಎಲ್ಲರಿಗೂ ಬೇಕಾದ ಆಟ. ಆರು ಜನ ಕೂತ ದೋಣಿಯನ್ನು ಒಂದು ದಪ್ಪ ಚೈನು ನಾಲ್ಕು ಮಹಡಿ ಎತ್ತರಕ್ಕೆ ಎಳೆದುಕೊಂಡು ಹೋಗಿ, ಮೇಲಿಂದ ಧಡಾರ್ ಎಂದು ನೀರಿಗೆ ಬಿಡುತ್ತದೆ. ಆಟ ಮುಗಿಯಲು ಮೂರು ನಿಮಿಷವೂ ಬೇಡ. ಅದಕ್ಕಾಗಿ ಕಾಯುವುದು ಮಾತ್ರ ಐವತ್ತು ನಿಮಿಷ, ರಜಾದಿನವಾದರೆ ಒಂದೂವರೆ ಗಂಟೆ. ತಗಡಿನ ಚಾವಣಿಯ ಕೆಳಗೆ ಸ್ಟೀಲ್ ಕಂಬಿಗಳ ನಡುವೆ ಹನ್ನೊಂದು ಸುತ್ತು ಹೋಗಿ ಬರುವ ಸಾಲು. ಒಂದು ಪಕ್ಕದಲ್ಲಿ ಉದ್ದಕ್ಕೂ ಬೂದು ಬಣ್ಣದ ಗೋಡೆ. "ಮುಂದೆ ಹೋಗಿ, ನೂಕಬೇಡಿ, ಕಂಬಿ ಹತ್ತಬೇಡಿ": ದಿನಕ್ಕೆ ಎಂಟು ಗಂಟೆ ಈ ಮೂರು ಮಾತು ಹೇಳುವುದೇ ರೈಟಕ್ಕನ ಕೆಲಸ.

ಮೊದಲ ಹತ್ತು ನಿಮಿಷ ಎಲ್ಲರೂ ನಗುನಗುತ್ತಲೇ ಇರುತ್ತಿದ್ದರು. ಆಮೇಲೆ ಅಪ್ಪಂದಿರು ಮೊಬೈಲಿಗೆ ಕಣ್ಣು ನೆಡುತ್ತಿದ್ದರು. ಅಮ್ಮಂದಿರು ಒಂದು ಭುಜದ ಚೀಲವನ್ನು ಇನ್ನೊಂದಕ್ಕೆ ಬದಲಾಯಿಸುತ್ತಿದ್ದರು. ಮಕ್ಕಳು ಮೊದಲು ಕಂಬಿಗೆ ಜೋತು ಬೀಳುತ್ತಿದ್ದವು, ಆಮೇಲೆ ಅಪ್ಪನ ಪ್ಯಾಂಟಿಗೆ, ಕೊನೆಗೆ ನೆಲದ ಮೇಲೆ ಅಂಗಾತ. "ಇನ್ನೂ ಎಷ್ಟೊತ್ತಮ್ಮಾ?" ಎಂಬ ರಾಗ ಒಂದು ಸುತ್ತಿನಲ್ಲಿ ಹುಟ್ಟಿದರೆ ಸಾಕು, ಹನ್ನೊಂದೂ ಸುತ್ತುಗಳಿಗೆ ಕೆಮ್ಮಿನಂತೆ ಹಬ್ಬುತ್ತಿತ್ತು. ದುಡ್ಡು ಕೊಟ್ಟು ಖುಷಿಪಡಲು ಬಂದವರು ದೋಣಿ ಹತ್ತುವ ಹೊತ್ತಿಗೆ ಒಬ್ಬರ ಮುಖ ಒಬ್ಬರು ನೋಡದಂತಾಗಿರುತ್ತಿದ್ದರು.

ಒಂದು ದಿನ ಊಟಕ್ಕೆ ಕೂತಾಗ ರೈಟಕ್ಕ ಗಂಡನ ಮುಂದೆ ಇದನ್ನೇ ಹೇಳಿಕೊಂಡಳು. ಆತ ಮಾತು ಕಡಿಮೆ. ಬಟ್ಟೆಯನ್ನು ಎರಡು ಸಲ ಅಳೆದು ಒಂದು ಸಲ ಕತ್ತರಿಸುವ ಹಾಗೆ ಮಾತನ್ನೂ ಅಳೆದೇ ಬಿಡುವವನು.

"ಬಸ್ಸಲ್ಲೂ ಜನ ಕಾಯ್ತಾರಲ್ವೇನೇ? ಮೂರು ಮೂರು ಗಂಟೆ ಕೂತಿರ್ತಾರೆ. ಅಲ್ಲಿ ಮಕ್ಕಳು ಇಷ್ಟು ಅಳಲ್ವಲ್ಲ, ಯಾಕೆ?"

"ಅಲ್ಲಿ ಕಿಟಕಿ ಇರುತ್ತೆ ಕಣ್ರೀ!" ಎಂದ ರೈಟಕ್ಕ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ ಹಾಗೇ ಕೂತುಬಿಟ್ಟಳು. "ಕಿಟಕಿ ಇರುತ್ತೆ..." ಎಂದು ಮತ್ತೊಮ್ಮೆ ತನಗೆ ತಾನೇ ಹೇಳಿಕೊಂಡಳು.

ಅದಾದ ಮೂರನೆಯ ದಿನ ಸಾಲಿನಲ್ಲಿ ಒಬ್ಬಳು ಪುಟ್ಟ ಹುಡುಗಿಯ ಶೂ ದಾರ ಬಿಚ್ಚಿಹೋಗಿತ್ತು. ತಾಯಿಯ ಕಂಕುಳಲ್ಲಿ ಇನ್ನೊಂದು ಕೂಸು. ರೈಟಕ್ಕ ಮೊಣಕಾಲೂರಿ ಕೂತು ದಾರ ಕಟ್ಟಿ ತಲೆ ಎತ್ತಿದಳು. ಎತ್ತಿದವಳು ಬೆಚ್ಚಿಬಿದ್ದಳು. ಅಲ್ಲಿಂದ ಆಕಾಶವಿಲ್ಲ, ದೋಣಿಯಿಲ್ಲ, ನೀರಿಲ್ಲ. ಕಣ್ಣಿನ ಮುಂದೆ ಒಂದು ದೊಡ್ಡ ಜೀನ್ಸ್ ಪ್ಯಾಂಟು, ಅದರ ಪಕ್ಕ ಇನ್ನೊಂದು ಪ್ಯಾಂಟು, ತೂಗಾಡುವ ಚೀಲಗಳು, ಆ ಕಡೆ ಬೂದು ಗೋಡೆ.

"ನಿಂಗೆ ಇಲ್ಲಿಂದ ಏನು ಕಾಣ್ಸತ್ತೆ ಪುಟ್ಟಾ?"

"ಅಂಕಲ್ ಬೆನ್ನು," ಎಂದಿತು ಹುಡುಗಿ. ಸ್ವಲ್ಪ ಯೋಚಿಸಿ, "ಬೆನ್ನಲ್ಲ. ಅದರ ಕೆಳಗಿಂದು," ಎಂದು ತಿದ್ದಿತು.

ಮುಂದಿದ್ದ ಅಂಕಲ್ ಗಾಬರಿಯಿಂದ ಹಿಂದೆ ಕೈ ಇಟ್ಟುಕೊಂಡು ತಿರುಗಿದರು. ರೈಟಕ್ಕನಿಗೆ ನಗು ತಡೆಯಲಾಗಲಿಲ್ಲ. ಆದರೆ ನಗುತ್ತಿರುವಾಗಲೇ ಅವಳಿಗೆ ಥಟ್ಟನೆ ಹೊಳೆಯಿತು. ಅಷ್ಟು ದಿನ ಹುಡುಕುತ್ತಿದ್ದದ್ದು ಕಣ್ಣ ಮುಂದೆಯೇ ಇತ್ತು, ಎರಡೂವರೆ ಅಡಿ ಕೆಳಗೆ!

ಮರುದಿನ ಬೆಳಿಗ್ಗೆ ಗೇಟು ತೆರೆಯುವ ಮೊದಲೇ ಅವಳು ಗಂಡನ ಟೈಲರ್ ಚಾಕ್‌ಪೀಸು ಹಿಡಿದು ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಅವಳಿಗೆ ಬರುತ್ತಿದ್ದ ಚಿತ್ರ ಒಂದೇ: ಬಸವನಹುಳು. ಒಂದು ಸುರುಳಿ, ಕೆಳಗೊಂದು ಗೆರೆ, ಎರಡು ಕೊಂಬು. ಮಗುವಿನ ಕಣ್ಣಿನ ಎತ್ತರಕ್ಕೆ ಸರಿಯಾಗಿ, ಹೆಬ್ಬೆರಳಿನಷ್ಟು ದೊಡ್ಡದಾಗಿ, ಒಂದನ್ನು ಕಂಬಿಯ ನೆರಳಿನಲ್ಲಿ, ಒಂದನ್ನು ಮೂಲೆಯಲ್ಲಿ, ಒಂದನ್ನು ಕಸದ ಡಬ್ಬಿಯ ಹಿಂದೆ ಬರೆದಳು. ಯಾರಿಗೂ ಏನೂ ಹೇಳಲಿಲ್ಲ.

ಹತ್ತೂಕಾಲಿಗೆ ಮೊದಲ ಕೂಗು ಕೇಳಿಸಿತು. "ಅಪ್ಪಾ, ಹುಳು! ಇಲ್ಲಿ ಹುಳು ಇದೆ!" ಅಪ್ಪ ಹೌಹಾರಿ ಮಗುವನ್ನು ಎತ್ತಿಕೊಂಡ. "ಅಲ್ಲಪ್ಪಾ, ಚಿತ್ರದ್ದು! ಬಗ್ಗು, ಬಗ್ಗಿ ನೋಡು!" ಅಪ್ಪ ಬಗ್ಗಿದ. ಅಷ್ಟರಲ್ಲಿ ಮುಂದಿನ ಸುತ್ತಿನಿಂದ, "ನಂಗೂ ಒಂದು ಸಿಕ್ತು!" ಮಧ್ಯಾಹ್ನದ ಹೊತ್ತಿಗೆ ಇಡೀ ಸಾಲು ಹುಳು ಬೇಟೆಗೆ ಇಳಿದಿತ್ತು. ಸಾಲು ಒಂದು ಹೆಜ್ಜೆ ಮುಂದಕ್ಕೆ ಸರಿದರೆ ಮಕ್ಕಳು "ಅಯ್ಯೋ, ನಿಧಾನ! ಇಲ್ಲಿನ್ನೂ ನೋಡಿಲ್ಲ" ಎಂದು ದೊಡ್ಡವರನ್ನು ಜಗ್ಗುತ್ತಿದ್ದವು. ಸಂಜೆ ರೈಟಕ್ಕ ಮನೆಗೆ ನಡೆದಳೋ ಹಾರಿದಳೋ ಅವಳಿಗೇ ಗೊತ್ತಿಲ್ಲ.

ಜನರ ಮೈ ತಾಗಿ ಚಾಕ್‌ಪೀಸಿನ ಚಿತ್ರ ದಿನದಿನವೂ ಅಳಿಸಿಹೋಗುತ್ತಿತ್ತು. ಪಾರ್ಕಿಗೊಬ್ಬ ವಯಸ್ಸಾದ ಪೇಂಟರ್ ಇದ್ದ, ಎಲ್ಲರೂ ಅಜ್ಜ ಎನ್ನುತ್ತಿದ್ದರು. ಆತ ಎರಡು ದಿನ ನೋಡಿ, ಮೂರನೆಯ ದಿನ ಒಂದು ಡಬ್ಬಿ ಕೆಂಪು ಬಣ್ಣ, ಸಣ್ಣ ಬ್ರಷ್ಷು ತಂದು ಅವಳ ಪಕ್ಕ ಇಟ್ಟ.

"ಚಾಕ್‌ಪೀಸು ನಿಲ್ಲಲ್ಲಮ್ಮ. ಬಾ, ಕೊಂಬು ನಾನು ಬರೀತೀನಿ. ನಿನ್ನ ಹುಳಕ್ಕೆ ಕೊಂಬು ಸರಿಯಾಗಿಲ್ಲ."

ಇಬ್ಬರೂ ಸೇರಿ ಇಪ್ಪತ್ತೇಳು ಹುಳು ಬರೆದರು. ಇಪ್ಪತ್ತೆಂಟನೆಯದನ್ನು ರೈಟಕ್ಕ ತನ್ನ ಶೂ ಹಿಮ್ಮಡಿಗೆ ಬರೆಸಿಕೊಂಡಳು. ಅದು ನಡೆದಾಡುವ ಹುಳು. ದೋಣಿ ಹತ್ತುವ ಮೆಟ್ಟಿಲಿನ ಹತ್ತಿರ ನಿಂತು, "ಎಷ್ಟು ಸಿಕ್ತು?" ಎಂದು ಕೇಳಿದರೆ ಒಬ್ಬ ಇಪ್ಪತ್ತೆರಡು ಎನ್ನುವನು, ಇನ್ನೊಬ್ಬಳು ಇಪ್ಪತ್ತಾರು. "ಹಾಗಾದ್ರೆ ಯಾರದ್ದು ಸರಿ?" ಎಂದು ಕೇಳಿದರೆ ರೈಟಕ್ಕ ಬಾಯಿಗೆ ಬೀಗ ಹಾಕಿಕೊಂಡಂತೆ ನಟಿಸುತ್ತಿದ್ದಳು. ದೋಣಿಯಾಟ ಮುಗಿಸಿ, ಮೈಯೆಲ್ಲ ನೀರು ತೊಟ್ಟಿಕ್ಕಿಸುತ್ತ ಮತ್ತೆ ಸಾಲಿಗೆ ಬಂದು ಸೇರಿದ ಮಕ್ಕಳೂ ಇದ್ದರು. ಹುಳು ಎಣಿಸುವುದಕ್ಕೆ!

ಈ ಸುದ್ದಿ ಮ್ಯಾನೇಜರ್ ಕಿವಿಗೆ ಬಿದ್ದದ್ದು ಬೇರೆ ರೂಪದಲ್ಲಿ. ಗೋಡೆಯ ಮೇಲೆ ಯಾರೋ ಗೀಚಿದ್ದಾರೆ ಎಂದು ಮೇಲಿನವರೊಬ್ಬರು ದೂರು ಹೇಳಿದ್ದರು. ಮ್ಯಾನೇಜರ್ ಕೆಟ್ಟ ಮನುಷ್ಯನಲ್ಲ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ರೈಟಕ್ಕನನ್ನು ಕರೆಸಿ ಮೆತ್ತಗೇ ಹೇಳಿದ:

"ನೋಡಮ್ಮ, ನಿಮ್ಮ ಉದ್ದೇಶ ಒಳ್ಳೇದೇ. ಆದ್ರೆ ಕೇಳದೆ ಗೋಡೆ ಮೇಲೆ ಬರೆಯೋ ಹಾಗಿಲ್ಲ. ಸಾಲಿನವರಿಗೆ ಅಂತ ನಾವೇ ಟಿವಿ ಹಾಕಿಸ್ತಿದ್ದೀವಿ. ನಾಲ್ಕು ದೊಡ್ಡ ಟಿವಿ."

"ಎಷ್ಟೆತ್ತರದಲ್ಲಿ ಸಾರ್?"

"ಎತ್ತರದಲ್ಲೇ. ಎಲ್ಲರಿಗೂ ಕಾಣಬೇಕಲ್ಲ."

"ಎಲ್ಲರಿಗೂ ಅಂದ್ರೆ..." ಎಂದು ರೈಟಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಫೋನು ರಿಂಗಾಯಿತು, ಮ್ಯಾನೇಜರ್ ಅದನ್ನೆತ್ತಿಕೊಂಡ.

ಸೋಮವಾರ ಪಾರ್ಕಿಗೆ ರಜೆ. ಗೋಡೆಗೆ ಬಿಳಿ ಬಳಿಯುವ ಕೆಲಸ ಅಜ್ಜನ ಪಾಲಿಗೇ ಬಂತು. ಮಂಗಳವಾರ ರೈಟಕ್ಕ ಬಂದು ನೋಡಿದರೆ ಗೋಡೆ ಹಾಲಿನಂತೆ ಬೆಳ್ಳಗಿದೆ, ಮೇಲೆ ಟಿವಿಗಳಲ್ಲಿ ಸೋಪಿನ ಜಾಹೀರಾತು ಓಡುತ್ತಿದೆ. ಅಜ್ಜ ಬಕೆಟ್ ತೊಳೆಯುತ್ತ, ಅವಳ ಮುಖ ನೋಡದೆ, "ಡಿಸ್ಟೆಂಪರ್ ಖಾಲಿ ಆಗಿತ್ತು. ಸುಣ್ಣ ಬಳಿದೆ. ತೆಳ್ಳಗೆ," ಎಂದಷ್ಟೇ ಹೇಳಿದ. ಅದರಲ್ಲಿ ಹೇಳುವಂಥದ್ದೇನಿದೆ ಎಂದು ರೈಟಕ್ಕನಿಗೆ ಆಗ ಹೊಳೆಯಲಿಲ್ಲ.

ಮುಂದಿನ ಭಾನುವಾರ ಪಾರ್ಕು ತುಂಬಿ ತುಳುಕುತ್ತಿತ್ತು. ಎಳ್ಳು ಹಾಕಿದರೆ ಎಳ್ಳು ನೆಲಕ್ಕೆ ಬೀಳುವಂತಿರಲಿಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ದೋಣಿ ಎಳೆಯುವ ಚೈನು ಕಟಕಟ ಎಂದು ಎರಡು ಸಲ ಜಗ್ಗಿ ನಿಂತುಹೋಯಿತು. ಮೇಲಿದ್ದ ದೋಣಿಯವರನ್ನು ಪಕ್ಕದ ಮೆಟ್ಟಿಲುಗಳಿಂದ ಜೋಪಾನವಾಗಿ ಇಳಿಸಿದರು. ಅಷ್ಟರಲ್ಲಿ ಕರೆಂಟಿನ ಮುಖ್ಯ ಸ್ವಿಚ್ಚನ್ನೇ ಆರಿಸಿದ್ದರಿಂದ ಟಿವಿಗಳು ಕಣ್ಣು ಮುಚ್ಚಿದವು, ಫ್ಯಾನುಗಳೂ ನಿಂತವು. ರಿಪೇರಿಗೆ ಮುಕ್ಕಾಲು ಗಂಟೆ ಬೇಕು ಎಂದು ಯಂತ್ರ ನಡೆಸುವ ಆಪರೇಟರ್ ಕೂಗಿ ಹೇಳಿದ.

ಸಾಲಿನಲ್ಲಿ ನಾನೂರಕ್ಕೂ ಹೆಚ್ಚು ಜನ. ಮುಂದಿದ್ದವರು ಆಗಲೇ ಒಂದು ಗಂಟೆ ಕಾದಿದ್ದರು, ಬಿಟ್ಟುಹೋಗಲು ಮನಸ್ಸಿಲ್ಲ. ಹಿಂದಿದ್ದವರಿಗೆ ಏನಾಗಿದೆಯೆಂದು ಗೊತ್ತಿಲ್ಲ. ಯಾವುದೋ ಒಂದು ಕೂಸು ರಾಗ ಎಳೆಯಿತು. ಅದಕ್ಕೆ ಇನ್ನೊಂದು ಜೊತೆಯಾಯಿತು. ಎತ್ತರದ ಗಂಡಸೊಬ್ಬ ಎರಡು ಕಂಬಿ ಹಾರಿ ಮುಂದಕ್ಕೆ ಬಂದ. "ಏಯ್, ನಾವೇನು ಮಣ್ಣು ತಿನ್ನೋಕೆ ನಿಂತಿದ್ದೀವಾ?" ಎಂದು ಹಿಂದಿನಿಂದ ಇನ್ನೊಬ್ಬ ಅಂಗಿ ತೋಳು ಮಡಚಿದ. ರೈಟಕ್ಕ ತನ್ನನ್ನೇ ಕೇಳಿಕೊಂಡಳು: ಇಂಥ ಹೊತ್ತಿನಲ್ಲಿ ಬಸ್ಸಿನಲ್ಲಿ ಏನು ಮಾಡುತ್ತಿದ್ದೆ? ಬ್ರೇಕ್‌ಡೌನ್ ಆದ ಬಸ್ಸಿನಲ್ಲಿ ಎಷ್ಟು ಸಲ ನಿಂತಿಲ್ಲ!

ಅವಳು ಬಾಯಿಗೆ ಎರಡು ಬೆರಳಿಟ್ಟು ಸೀಟಿ ಹೊಡೆದಳು. ಆ ಸೀಟಿಗೆ ಜಗಳವೂ ನಿಂತಿತು, ಅಳುವೂ ನಿಂತಿತು.

"ಎಲ್ರೂ ಒಳಗೆ ಬನ್ನಿ, ಒಳಗೆ ಬನ್ನಿ! ಫುಟ್‌ಬೋರ್ಡಲ್ಲಿ ನಿಲ್ಬೇಡಿ! ಬಸ್ ಹೊರಡ್ತಿದೆ!"

ನಾನೂರು ಜನ ಅವಳನ್ನೇ ಪಿಳಿಪಿಳಿ ನೋಡಿದರು.

"ಹನ್ನೊಂದು ಸುತ್ತು, ಹನ್ನೊಂದು ಬಸ್ಸು! ಪ್ರತಿ ಬಸ್ಸಿಗೂ ಒಬ್ರು ಡ್ರೈವರ್ ಬೇಕು. ಲೈಸೆನ್ಸ್ ಇರೋರು ಬೇಡ. ಆರು ವರ್ಷದ ಒಳಗಿನೋರು ಮುಂದೆ ಬನ್ನಿ!"

ಮೂರನೆಯ ಸುತ್ತಿನಿಂದ ಗುಂಗುರು ಕೂದಲಿನ ಪೋರಿಯೊಂದು ಅಮ್ಮನ ಕೈ ಕೊಸರಿಕೊಂಡು ಮುಂದೆ ಬಂತು. ಬಂದಿದ್ದೇ ಇಲ್ಲದ ಸ್ಟೀರಿಂಗ್ ಹಿಡಿದು, "ಪೋಂ... ಪೋಂ!" ಎಂದು ಹಾರ್ನ್ ಹೊಡೆಯಿತು. ಅಷ್ಟು ಸಾಕಾಯಿತು. ಎಲ್ಲ ಸುತ್ತುಗಳಿಂದಲೂ ಡ್ರೈವರುಗಳು ನುಗ್ಗಿ ಬಂದರು. ಒಂದು ಬಸ್ಸಿಗಂತೂ ಮೂವರು!

ಪಾರ್ಕಿನ ನಕ್ಷೆಯ ಕಾಗದಗಳ ಕಟ್ಟು ಕೈಗೆ ಸಿಕ್ಕಿತು. ರೈಟಕ್ಕ ಅದನ್ನು ಚರಚರ ಹರಿದು ಟಿಕೆಟ್ ಮಾಡಿ, ಪ್ರತಿ ಬಸ್ಸಿಗೂ ಒಂದೊಂದು ಮಗುವನ್ನು ಕಂಡಕ್ಟರ್ ಮಾಡಿದಳು. "ಯಾರನ್ನೂ ಬಿಡ್ಬೇಡಿ. ತಾತ ಆದ್ರೂ ಕೇಳಿ, ಎಲ್ಲಿಗೆ ಅಂತ!"

"ಎಲ್ಲಿಗೆ?"

"ಅತ್ತೆ ಮನೆಗೆ!"

"ಚಂದ್ರನ ಹತ್ರ!"

"ಡೈನೋಸಾರ್ ಇರೋ ಕಡೆ," ಎಂದ ಕನ್ನಡಕದ ಹುಡುಗನೊಬ್ಬ ಗಂಭೀರವಾಗಿ.

"ಅದು ಹಳೇ ಕಾಲದಲ್ಲಿತ್ತಪ್ಪ. ಅಲ್ಲಿಗೆ ಹೋಗ್ಬೇಕು ಅಂದ್ರೆ ರಿವರ್ಸ್ ತಗೋಬೇಕು," ಎಂದಳು ರೈಟಕ್ಕ. "ಐದನೇ ಬಸ್ಸು ರಿವರ್ಸ್! ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್!"

ಐದನೆಯ ಸುತ್ತಿನ ನಲವತ್ತು ಜನ, ಅಜ್ಜಿಯರು ಚೀಲಗಳ ಸಮೇತ, ಮೂರು ಹೆಜ್ಜೆ ಹಿಂದಕ್ಕೆ ಹೋಗಿ ಒಬ್ಬರ ಮೇಲೊಬ್ಬರು ವಾಲಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಂಬಿ ಹಾರಿ ಬಂದಿದ್ದ ಗಂಡಸು ಮೆಲ್ಲಗೆ ಮುಂದಕ್ಕೆ ನುಸುಳುತ್ತಿದ್ದ. ರೈಟಕ್ಕ ಅವನ ಭುಜ ತಟ್ಟಿದಳು.

"ನೀವು ಹಾರೋದು ನೋಡಿದೆ ಸಾರ್. ಒಳ್ಳೆ ಮೈಕಟ್ಟು. ನೀವೇ ಕ್ಲೀನರ್. ಕೊನೇ ಬಸ್ಸಿನ ಹಿಂದೆ ನಿಂತು ಸೈಡ್ ಹೇಳ್ಬೇಕು."

ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಅವನ ಮುಖ ಕೆಂಪಗಾಯಿತು, ಆಮೇಲೆ ನಗು ಬಂತು. ಹಿಂದಕ್ಕೆ ಹೋಗಿ ಕಂಬಿ ತಟ್ಟುತ್ತ, "ಹೋಗ್ಲೀ ಹೋಗ್ಲೀ ಹೋಗ್ಲೀ!" ಎಂದು ಅವನು ಕೂಗಿದ್ದು ಟಿಕೆಟ್ ಕೌಂಟರಿಗೂ ಕೇಳಿಸಿತು. ಅಂಗಿ ತೋಳು ಮಡಚಿದ್ದವನೇ ಅವನಿಗೆ, "ಇನ್ನೂ ಜೋರಾಗಿ ಗುರುವೇ!" ಎಂದು ಹುರಿದುಂಬಿಸಿದ.

ಮ್ಯಾನೇಜರ್ ಕ್ಷಮೆ ಕೇಳಲು ಕೈಮೈಕು ಹಿಡಿದು ಓಡೋಡಿ ಬಂದದ್ದು ಆಗಲೇ. ಬೈಗುಳ ತಿನ್ನಲು ಸಿದ್ಧನಾಗಿ ಬಂದವನಿಗೆ ಕಂಡದ್ದು ಎಡಕ್ಕೆ ಬಲಕ್ಕೆ ಒಟ್ಟಿಗೆ ವಾಲುತ್ತಿರುವ ನಾನೂರು ಜನ. ಅವನು ಮೈಕನ್ನು ಬಾಯಿಗಿಡುವ ಮೊದಲೇ ಯಾರೋ ಪ್ಯಾಂಟು ಜಗ್ಗಿದರು. ಕೆಳಗೆ ನೋಡಿದರೆ ನಾಲ್ಕು ವರ್ಷದ ಕಂಡಕ್ಟರ್.

"ಟಿಕೆಟ್?"

"ನಾನು ಮ್ಯಾನೇಜರ್ ಪುಟ್ಟಾ."

"ಮ್ಯಾನೇಜರ್‌ಗೂ ಟಿಕೆಟ್ ಬೇಕು," ಎಂದಿತು ಅದು. "ಎಲ್ಲಿಗೆ?"

ಮ್ಯಾನೇಜರ್ ಆ ಕಡೆ ಈ ಕಡೆ ನೋಡಿದ. ಎಲ್ಲರೂ ಕಾಯುತ್ತಿದ್ದರು. "ಮ್... ಮನೆಗೆ," ಎಂದ ಸಣ್ಣ ದನಿಯಲ್ಲಿ. ಹರಿದ ಕಾಗದದ ಚೂರು ಅವನ ಕೈಗೆ ಬಂತು. ಅದೇ ಹೊತ್ತಿಗೆ ರೈಟಕ್ಕ "ಲೆಫ್ಟ್ ತಿರುವೂ!" ಎಂದಳು. ಆರನೆಯ ಬಸ್ಸು ವಾಲಿದಾಗ ಮ್ಯಾನೇಜರೂ ಇಸ್ತ್ರಿ ಅಂಗಿಯ ಸಮೇತ ವಾಲಿದ.

ಗೋಡೆಯ ವಿಷಯ ಬಯಲಾದದ್ದು ಅದರ ನಡುವೆಯೇ. ಸೆಕೆಗೆ ಯಾರೋ ಬಾಟಲಿ ನೀರಿನಿಂದ ಮುಖ ತೊಳೆದಿದ್ದರು. ಒದ್ದೆ ಕೈಯನ್ನು ಗೋಡೆಗೆ ಒತ್ತಿದ ಒಂದು ಮಗು ಚೀರಿತು: "ಅಮ್ಮಾ, ಗೋಡೆಯೊಳಗೆ ಏನೋ ಇದೆ!" ಒದ್ದೆಯಾದ ಕಡೆಯೆಲ್ಲ ಸುಣ್ಣ ಗಾಜಿನಂತೆ ತಿಳಿಯಾಗಿ ಕೆಂಪು ಕೊಂಬೆರಡು ಕಾಣುತ್ತಿದ್ದವು. ಮುಂದಿನ ನಿಮಿಷದಲ್ಲಿ ಹತ್ತಾರು ಒದ್ದೆ ಅಂಗೈಗಳು ಗೋಡೆ ಸವರುತ್ತಿದ್ದವು. ಒಂದೊಂದಾಗಿ ಹುಳುಗಳು ಹೊರಬಂದವು. ಸುಣ್ಣ ಒದ್ದೆಯಾದರೆ ಪಾರದರ್ಶಕವಾಗುತ್ತದೆ ಎಂಬುದು ನಲವತ್ತು ವರ್ಷ ಗೋಡೆ ಬಳಿದ ಅಜ್ಜನಿಗೆ ಗೊತ್ತಿಲ್ಲದೆ ಇರುತ್ತದೆಯೇ! ಆತ ದೂರದಲ್ಲಿ ಏಣಿ ಹೊತ್ತು ನಿಂತು, ಏನೂ ಅರಿಯದವನಂತೆ ಆಕಾಶ ನೋಡುತ್ತಿದ್ದ. ಮ್ಯಾನೇಜರ್ ಮೊದಲ ಸಲ ಬಗ್ಗಿ ಗೋಡೆಯನ್ನು ನೋಡಿದ.

ಐವತ್ತು ನಿಮಿಷಕ್ಕೆ ಚೈನು ಮತ್ತೆ ಗರಗರ ಎಂದಿತು. ದೊಡ್ಡವರು ಹೋ ಎಂದರು. ಮೂರನೆಯ ಬಸ್ಸಿನ ಗುಂಗುರು ಕೂದಲಿನ ಡ್ರೈವರ್ ಮಾತ್ರ ಕಾಲು ಅಪ್ಪಳಿಸಿದಳು: "ಇನ್ನೂ ಸ್ವಲ್ಪ ಹೊತ್ತು ಕೆಟ್ಟಿರ್ಲಿ!"

ಮಂಗಳವಾರ ಆಫೀಸಿಗೆ ಬರಲು ಕರೆ ಬಂದಾಗ ರೈಟಕ್ಕ ಟೋಪಿ ಕೈಯಲ್ಲೇ ಹಿಡಿದುಕೊಂಡು ಹೋದಳು, ವಾಪಸ್ ಕೊಡಲು ಅನುಕೂಲವಾಗಲಿ ಎಂದು. ಮ್ಯಾನೇಜರ್ ಮೇಜಿನ ಮೇಲೆ ದೂರು ಪೆಟ್ಟಿಗೆಯ ಚೀಟಿಗಳನ್ನು ಹರಡಿಕೊಂಡು ಕೂತಿದ್ದ.

"ಭಾನುವಾರದ್ದು ಇವು. ಚೈನು ಕೆಟ್ಟ ದಿನ ನೂರು ದೂರಾದ್ರೂ ಬರ್ಬೇಕಿತ್ತು. ಬಂದಿದ್ದು ಎರಡು. ಉಳಿದ ಹದಿನಾಲ್ಕರಲ್ಲಿ ಏನಿದೆ ಗೊತ್ತಾ?" ಒಂದು ಚೀಟಿ ಎತ್ತಿ ಓದಿದ: "ಬಸ್ಸು ಮತ್ತೆ ಎಷ್ಟು ಗಂಟೆಗೆ ಹೊರಡುತ್ತದೆ?"

ರೈಟಕ್ಕ ಕುರ್ಚಿಯ ತುದಿಯಲ್ಲಿ ಕೂತಳು.

"ಅಮ್ಮಾ, ಮಳೆಗಾಲದಲ್ಲಿ ದೋಣಿಯಾಟ ಎರಡು ತಿಂಗಳು ಮುಚ್ಚಿರುತ್ತೆ. ಆ ಸಾಲನ್ನ ಹೊಸದಾಗಿ ಕಟ್ಟೋಣ ಅಂತಿದ್ದೀನಿ. ಡಿಸೈನ್ ಮಾಡೋರು ಇಬ್ರು ಬರ್ತಾರೆ. ನೀವು ಅವರ ಜೊತೆ ಇರ್ಬೇಕು. ಏನೇನು ಬೇಕು ಹೇಳಿ."

ಅವಳಿಗೆ ಆಕಾಶಕ್ಕೆ ಮೂರೇ ಗೇಣು ಉಳಿದಂತಾಯಿತು. ಆದರೆ ಬಾಯಿಂದ ಹೊರಟದ್ದು ಬೇರೆ ಮಾತು: "ಮೊದಲು ನೀವು ಮೂರು ಜನ ಪ್ಯಾಂಟು ಕೊಳೆ ಆದ್ರೂ ಪರವಾಗಿಲ್ಲ ಅನ್ನಿ ಸಾರ್."

ಅಂದು ಸಂಜೆ ಅವಳ ಗಂಡ ಹಳೆಯ ಹಾಸಿಗೆಯ ಹತ್ತಿ ತುಂಬಿ ಮಂಡಿಯೂರುವಾಗ ಕಟ್ಟಿಕೊಳ್ಳಲು ನಾಲ್ಕು ಜೊತೆ ಮೊಣಕಾಲು ಚೀಲ ಹೊಲಿದುಕೊಟ್ಟ. "ಮ್ಯಾನೇಜರ್ ಅಳತೆ ಗೊತ್ತಿಲ್ಲ. ಸ್ವಲ್ಪ ದೊಡ್ಡದೇ ಇರ್ಲಿ," ಎಂದು ಒಂದಕ್ಕೆ ಎರಡಿಂಚು ಜಾಸ್ತಿ ಬಿಟ್ಟ. ಆ ವಾರದ ಕೊನೆಗೆ ಪಾರ್ಕಿನ ಕೆಲಸಗಾರರೆಲ್ಲ ಸಿಕ್ಕ ಸಿಕ್ಕ ಕಂಬದ ಮರೆಯಿಂದ ಒಂದು ದೃಶ್ಯ ನೋಡಿದರು: ಮುಂದೆ ರೈಟಕ್ಕ, ಹಿಂದೆ ಡಿಸೈನಿನವರಿಬ್ಬರು, ಕೊನೆಗೆ ಏದುಸಿರು ಬಿಡುತ್ತಿದ್ದ ಮ್ಯಾನೇಜರ್, ಹನ್ನೊಂದು ಸುತ್ತನ್ನೂ ಮೊಣಕಾಲ ಮೇಲೆ ನಡೆಯುತ್ತಿದ್ದಾರೆ! ಏಳನೆಯ ಸುತ್ತಿನಲ್ಲಿ ಮ್ಯಾನೇಜರ್ ನಿಂತು ಬೆವರು ಒರೆಸಿಕೊಂಡ. "ಇಲ್ಲಿ ಏನೂ ಇಲ್ವಲ್ಲಮ್ಮ ನೋಡೋಕೆ!" ಎಂದ ಸಿಟ್ಟಿನಿಂದ. ರೈಟಕ್ಕ ತಿರುಗಿ ನೋಡಿ ನಕ್ಕಳು.

ಮಳೆಗಾಲದ ಆ ಎರಡು ತಿಂಗಳು ಅವಳ ಕಾಲಿಗೆ ಚಕ್ರ ಕಟ್ಟಿದಂತಿತ್ತು. ಸಾಲಿನ ಪಕ್ಕದ ಗೋಡೆಯ ಹಿಂದೆಯೇ ಚೈನು ಎಳೆಯುವ ಯಂತ್ರವಿತ್ತು, ಅದನ್ನು ಬಚ್ಚಿಡಲೆಂದೇ ಗೋಡೆ ಕಟ್ಟಿದ್ದರು. "ಅಷ್ಟು ಚೆಂದದ್ದನ್ನ ಯಾಕೆ ಬಚ್ಚಿಡ್ತೀರಿ?" ಎಂದು ಹಟ ಹಿಡಿದು ಮಗುವಿನ ಎತ್ತರಕ್ಕೆ ಒಂಬತ್ತು ಕಿಟಕಿ ಕೊರೆಸಿದಳು. ಒಳಗೆ ಆಳೆತ್ತರದ ಹಲ್ಲುಚಕ್ರ, ಎಣ್ಣೆಯಲ್ಲಿ ಮಿಂದ ಚೈನು, ತೊಟ್ಟಿಕ್ಕುತ್ತ ಮೇಲೇರುವ ದೋಣಿಯ ತಳ. ಪಕ್ಕದಲ್ಲೇ ದೊಡ್ಡವರ ಎತ್ತರಕ್ಕೆ ಒಗಟಿನ ಹಲಗೆ: "ಮೈಯೆಲ್ಲ ತೂತು, ದಿನವೂ ಬೆಟ್ಟ ಹತ್ತುತ್ತೆ, ಒಂದು ದಿನವೂ ಬೆಟ್ಟದ ಮೇಲೆ ಉಳಿಯಲ್ಲ. ಯಾರು?" ಒಗಟು ಅಪ್ಪನಿಗೆ ಕಾಣುತ್ತದೆ, ಉತ್ತರವಾದ ಚೈನು ಕಿಟಕಿಯಲ್ಲಿ ಮಗುವಿಗೆ ಮಾತ್ರ. ಅವನು ಓದಬೇಕು, ಅದು ನೋಡಿ ಹೇಳಬೇಕು. ಡಿಸೈನಿನವರು ಎಷ್ಟೇ ಬೇರೆ ಬೇರೆ ನಕ್ಷೆ ತಂದರೂ ಈ ಒಂದು ಮಾತಿನಿಂದ ಅವಳು ಕದಲಲಿಲ್ಲ: "ಆಟ ಇಬ್ರಿಗೂ ಸೇರಿ ಒಂದೇ ಇರ್ಬೇಕು. ಮಗೂನ ಆಟಕ್ಕೆ ಹಚ್ಚಿ ಅಪ್ಪನ್ನ ಮೊಬೈಲಿಗೆ ಬಿಟ್ರೆ ಏನು ಬಂತು?"

ಎಲ್ಲವೂ ಗೆದ್ದವೆಂದಲ್ಲ. ತಟ್ಟಿದರೆ ಒಂದೊಂದು ಸ್ವರ ಹೊರಡಿಸುವ ಕೊಳವೆಗಳನ್ನು ಸಾಲಿನುದ್ದಕ್ಕೂ ಹಾಕಿಸಿದ್ದಳು. ಪರೀಕ್ಷೆಗೆಂದು ರಜೆಗೆ ಬಂದಿದ್ದ ಮೊಮ್ಮಗಳನ್ನೂ ಬೀದಿಯ ಅವಳ ಐವರು ಗೆಳತಿಯರನ್ನೂ ಕರೆತಂದಳು. ಹತ್ತೇ ನಿಮಿಷದಲ್ಲಿ ಆಪರೇಟರ್ ಎರಡೂ ಕಿವಿ ಮುಚ್ಚಿಕೊಂಡು ತನ್ನ ಗೂಡಿನಿಂದ ಹೊರಗೆ ಓಡಿಬಂದ.

"ರೈಟಕ್ಕಾ, ಕೈ ಮುಗೀತೀನಿ! ಇದನ್ನ ದಿನಕ್ಕೆ ಎಂಟು ಗಂಟೆ ಕೇಳೋದಾದ್ರೆ ನಾನೇ ದೋಣಿ ಹತ್ತಿ ಹೊರಟುಹೋಗ್ತೀನಿ!"

"ಅಜ್ಜಿ, ಅವರು ಹೇಳೋದು ಸರಿ. ನಂಗೂ ತಲೆ ನೋವು ಬಂತು," ಎಂದಳು ಮೊಮ್ಮಗಳು ಕೊಳವೆ ಬಾರಿಸುವುದನ್ನು ನಿಲ್ಲಿಸದೆ.

ಕೊಳವೆಗಳು ಹೊರಗೆ ಹೋದವು. ಅವುಗಳ ಜಾಗದಲ್ಲಿ ವಯಸ್ಸಾದವರು ಕೂತಲ್ಲೇ ಸರಿಯುತ್ತ ಮುಂದೆ ಹೋಗುವಂಥ ಉದ್ದನೆಯ ಬೆಂಚು ಬಂತು. ಅದು ಮೊಮ್ಮಗಳ ಸಲಹೆಯಲ್ಲ, ಮ್ಯಾನೇಜರನದು. ಮೊಣಕಾಲಿನ ನೋವು ಅವನಿಗಿನ್ನೂ ಹೋಗಿರಲಿಲ್ಲ.

ಮಳೆ ನಿಂತು ದೋಣಿಯಾಟ ಮತ್ತೆ ತೆರೆದ ದಿನ ರೈಟಕ್ಕ ಬೆಳಿಗ್ಗೆ ಒಂದು ಲೋಟ ನೀರನ್ನೂ ನೆಮ್ಮದಿಯಾಗಿ ಕುಡಿಯಲಿಲ್ಲ. ಜನ ಒಳಗೆ ಬಂದರು. ಮೊದಲ ಐದು ನಿಮಿಷ ಯಾರೂ ಕಿಟಕಿ ನೋಡಲಿಲ್ಲ. ಆಮೇಲೆ ಎರಡನೆಯ ಸುತ್ತಿನಲ್ಲಿ ಫೋನಿನಲ್ಲಿ ಜೋರಾಗಿ ವ್ಯವಹಾರ ಮಾತಾಡುತ್ತಿದ್ದ ಅಪ್ಪನೊಬ್ಬನ ಅಂಗಿಯನ್ನು ಮಗಳು ಹಿಡಿದೆಳೆದಳು. "ಒಂದು ನಿಮಿಷ," ಎಂದ. ಅವಳು ಮತ್ತೆ ಎಳೆದಳು. ಅವನು ಫೋನ್ ಕಿವಿಯಲ್ಲೇ ಇಟ್ಟುಕೊಂಡು ಬಗ್ಗಿ ಕಿಟಕಿಯೊಳಗೆ ಇಣುಕಿದ. ಸರಿಯಾಗಿ ಆಗಲೇ ಒಂದು ದೋಣಿ ನೀರು ಸುರಿಸುತ್ತ ತಲೆಯ ಮೇಲೆ ಹಾದುಹೋಯಿತು.

"ಅಬ್ಬಾ!" ಎಂದ ಅವನು. ಫೋನಿನವರಿಗೆ, "ಆಮೇಲೆ ಮಾಡ್ತೀನಿ ಸಾರ್," ಎಂದು ಜೇಬಿಗೆ ತುರುಕಿ ನೆಲದ ಮೇಲೆ ಕೂತೇಬಿಟ್ಟ. "ಎಲ್ಲಿ, ಇನ್ನೊಂದು ಬರ್ಲಿ ನೋಡೋಣ. ಆ ಚಕ್ರ ಎಷ್ಟು ದೊಡ್ಡದಿದೆ ನೋಡೇ!" ಹಿಂದಿನಿಂದ ಅವನ ಹೆಂಡತಿ, "ರೀ, ಸಾಲು ಮುಂದೆ ಹೋಗಿದೆ ಏಳ್ರೀ!" ಎಂದು ಕೂಗುತ್ತಿದ್ದಳು. ಅಪ್ಪ ಮಗಳು ಇಬ್ಬರೂ ಏಳಲಿಲ್ಲ. ಹಲಗೆಗಳ ಹತ್ತಿರ ಒಗಟು ಓದುವ ದನಿಗಳು, ತಪ್ಪು ಉತ್ತರಗಳು, ನಗು. ರೈಟಕ್ಕ ಟೋಪಿಯನ್ನು ಕಣ್ಣಿನವರೆಗೂ ಎಳೆದುಕೊಂಡಳು. ಕೆಲಸದ ಹೊತ್ತಿನಲ್ಲಿ ಕಣ್ಣೊರೆಸಿಕೊಳ್ಳುವುದು ಚೆನ್ನಾಗಿರುವುದಿಲ್ಲವಲ್ಲ.

ಮಧ್ಯಾಹ್ನ ದೋಣಿಯಿಂದ ಇಳಿದು ಬಂದ ತಾಯಿಯೊಬ್ಬಳು ಅವಳಿ ಮಕ್ಕಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ರೈಟಕ್ಕನ ಮುಂದೆ ನಿಂತಳು.

"ಅಕ್ಕಾ, ಇದೆಲ್ಲ ನೀವು ಮಾಡ್ಸಿದ್ದು ಅಂದ್ರು. ತುಂಬಾ ಚೆನ್ನಾಗಿದೆ. ಒಂದು ಮಾತು ಕೇಳ್ಲಾ? ಆ ಕಡೆ ಹೆಂಗಸರ ಟಾಯ್ಲೆಟ್ ಮುಂದೆ ಸಾಲು ನೋಡಿದ್ದೀರಾ? ಅಲ್ಲಿಗೂ ಏನಾದ್ರೂ ಮಾಡಿ."

ರೈಟಕ್ಕ ಆ ಕಡೆ ಗಮನ ಕೊಟ್ಟೇ ಇರಲಿಲ್ಲ. ಊಟದ ಬಿಡುವಿನಲ್ಲಿ ಅಳತೆಯ ಟೇಪು, ಪುಸ್ತಕ, ಪೆನ್ಸಿಲು ಹಿಡಿದು ಹುಮ್ಮಸ್ಸಿನಿಂದ ಹೋಗಿ ಸಾಲಿನ ಕೊನೆಯಲ್ಲಿ ನಿಂತಳು. ಮೂವತ್ತೈದು ಜನ. ಅವಳ ಮುಂದೆ ಮೂರು ವರ್ಷದ ಮಗುವೊಂದು ಎರಡೂ ಮೊಣಕಾಲು ಕೂಡಿಸಿಕೊಂಡು, ಹಲ್ಲು ಕಚ್ಚಿ, ನಿಂತಲ್ಲೇ ಕುಣಿಯುತ್ತಿತ್ತು. "ಬಂತಮ್ಮಾ, ಬಂತು!" "ತಡ್ಕೊ ಬಂಗಾರಾ, ಇನ್ನು ಮೂವತ್ತೇ ಜನ!" ತಾಯಿಯೂ ಕುಣಿಯುತ್ತಿದ್ದಳು. ರೈಟಕ್ಕ ಪುಸ್ತಕ ಮುಚ್ಚಿದಳು. "ಅಮ್ಮಂದಿರೇ, ದಾರಿ ಬಿಡಿ, ಎಮರ್ಜೆನ್ಸಿ!" ಎಂದು ಮಗುವನ್ನು ಎತ್ತಿ ಸಾಲಿನ ಮುಂದಕ್ಕೆ ದಾಟಿಸಿದವಳೇ ಆಫೀಸಿನ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದಳು.

ಮ್ಯಾನೇಜರ್ ಆಗಷ್ಟೇ ಊಟದ ಡಬ್ಬಿ ತೆರೆದಿದ್ದ. ಅವಳನ್ನೂ ಅವಳ ಕೈಯ ಟೇಪನ್ನೂ ನೋಡಿ ಮುಚ್ಚಳ ಮತ್ತೆ ಹಾಕಿದ.

"ಮೊಣಕಾಲು ಚೀಲ ತರ್ಲಾಮ್ಮ?" ಎಂದ ಅಂಜುತ್ತ.

"ಬೇಡ ಸಾರ್! ಅಲ್ಲಿ ಕಿಟಕಿನೂ ಬೇಡ, ಒಗಟೂ ಬೇಡ," ಎಂದಳು ರೈಟಕ್ಕ ಏದುಸಿರು ಬಿಡುತ್ತ. "ಅಲ್ಲಿ ಬೇಕಾಗಿರೋದು ಬಾಗಿಲು! ಇನ್ನೂ ಆರು ಬಾಗಿಲು! ಏಳಿ ಸಾರ್, ಬನ್ನಿ, ಜಾಗ ಇದೆ, ನಾನು ಅಳೆದು ತೋರಿಸ್ತೀನಿ."